ಕಾಲುವೆಯ ದಾರಿಯಾಗಿ ಬರ್ಮಿಂಗ್‌ಹ್ಯಾಮ್ ನಗರಕ್ಕೆ



ಕಾಲುವೆ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ನಾಡಿನವರ ಕಣ್ಣಿನ ಮುಂದೆ ನಿಲ್ಲುವುದು ಗದ್ದೆಯ ಬಯಲು. ಬದುವಿನ ಮೇಲೆ ಗುದ್ದಲಿ ಹಿಡಿದು ನೀರು ತಿರುಗಿಸುತ್ತಿರುವ ರೈತ. ಚಿಕ್ಕದೇವರಾಜ ಸಾಗರ ನಾಲೆಯಾಗಲಿ, ವಿಶ್ವೇಶ್ವರಯ್ಯ ನಾಲೆಯಾಗಲಿ, ವಿಜಯನಗರದ ಅರಸರು ತುಂಗಭದ್ರೆಯಿಂದ ತೆಗೆಯಿಸಿದ ಕಾಲುವೆಗಳಾಗಲಿ, ಎಲ್ಲವೂ ಬೆಳೆಯ ಬಾಯಾರಿಕೆಯನ್ನು ಹಿಂಗಿಸುವುದಕ್ಕಾಗಿಯೇ ಹುಟ್ಟಿದುವು. ಇಂಗ್ಲೆಂಡಿನ ಮಧ್ಯಪ್ರಾಂತಗಳಲ್ಲಿ ಹಾಗಲ್ಲ. ಅಲ್ಲಿ ಆಕಾಶವೇ ಬೇಕಾದಷ್ಟು ನೀರು ಸುರಿಸುತ್ತದೆ. ಬೆಳೆಗೆ ಕಾಲುವೆ ಬೇಕಿಲ್ಲ. ಅಲ್ಲಿನ ಕಾಲುವೆಯೆಂದರೆ ರಸ್ತೆ. ಅದರಲ್ಲಿ ನೀರು ಹರಿಯುವುದಿಲ್ಲ, ನಿಂತಿರುತ್ತದೆ, ಹರಿಯುತ್ತಿದ್ದುದು ಸರಕು. ಅಂತಹ ಒಂದು ಕಾಲುವೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದೋಣಿಯಲ್ಲಿ ಕುಳಿತು ಬರ್ಮಿಂಗ್‌ಹ್ಯಾಮ್ ನಗರದ ನಡುವಿಗೆ ಬಂದು ಸೇರುವ ಪ್ರಯಾಣವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದು ನನ್ನ ಉದ್ದೇಶ.

ಮೊದಲು ಈ ಕಾಲುವೆಗಳ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬೇಕು. ೧೭೬೧ರಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಗಿರಣಿಯ ಕುಶಲಕರ್ಮಿಯ ಸಹಾಯದಿಂದ ಬ್ರಿಜ್‌ವಾಟರಿನ ಡ್ಯೂಕನು ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ದೋಣಿಯಲ್ಲಿ ಸಾಗಿಸುವ ಕಾಲುವೆಯನ್ನು ತೆರೆದನು. ಇದ್ದಲಿನ ಬೆಲೆ ತಟ್ಟನೆ ಇಳಿಯಿತು. ಕೆಸರು ರಸ್ತೆಯಲ್ಲಿ ಗಾಡಿಯ ಕುದುರೆ ಎಳೆಯಲಾರದಷ್ಟು ಭಾರವನ್ನು ನೀರಿನ ಮೇಲೆ ಅದೇ ಕುದುರೆ ಸಲೀಸಾಗಿ ಎಳೆಯುವುದೆಂಬ ಸಂಗತಿ ವ್ಯಾಪಾರಿಗಳ ಕಣ್ಣು ತೆರೆಯಿಸಿತು. ಬರ್ಮಿಂಗ್‌ಹ್ಯಾಮ್ ಕಬ್ಬಿಣ ಹಿತ್ತಾಳೆಗಳ ಕೈಗೆಲಸದ ಊರು. ಆದರೆ ಎತ್ತರದ ನೆಲದ ಮೇಲೆ ಕುಳಿತಿದೆ. ದೋಣಿ ಸಾಗಬಲ್ಲ ನದಿಯೊಂದೂ ಅದರ ಹತ್ತಿರ ಸುಳಿಯುವುದಿಲ್ಲ. ೧೭೬೯ರಲ್ಲಿ ಮೊದಲನೆಯ ಕಾಲುವೆ ಆ ಊರನ್ನು ಮುಟ್ಟಿತು. ಅನಂತರ ಒಂದಾದ ಮೇಲೊಂದು ಕಾಲುವೆ ಬಂದು ಕೂಡಿಕೊಂಡು, ಬರ್ಮಿಂಗ್‌ಹ್ಯಾಮಿನ ಜಾಲವೊಂದರಲ್ಲಿಯೇ ಸುಮಾರು ೧೬೦ ಮೈಲಿ ನೀರುದಾರಿ ಆಯಿತು. ಅದರಲ್ಲಿ ಸುಮಾರು ೧೦೦ ಮೈಲಿ ಇಂದಿಗೂ ಉಳಿದಿದೆ.

ನಾವು ಹಿಡಿದ ದಾರಿ ವೂಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್ ಕಾಲುವೆ. ಸೆವರ್ನ್ ನದಿಯ ದಡದಲ್ಲಿರುವ ವೂಸ್ಟರ್ ಪಟ್ಟಣದಿಂದ ಬರ್ಮಿಂಗ್‌ಹ್ಯಾಮಿಗೆ ೩೦ ಮೈಲಿ. ಪಾರ್ಲಿಮೆಂಟು ಇದಕ್ಕೆ ೧೭೯೧ರಲ್ಲಿ ಅನುಮತಿ ಕೊಟ್ಟಿತು, ಮುಗಿದದ್ದು ೧೮೧೫ರಲ್ಲಿ. ದೋಣಿ ೪೨೮ ಅಡಿ ಎತ್ತರವನ್ನು ಹತ್ತಬೇಕು; ಹತ್ತುವುದಕ್ಕೆ ೫೮ ಲಾಕುಗಳಿವೆ. ಲಾಕ್ ಎಂದರೆ ಎರಡು ಕೊನೆಗಳಲ್ಲಿಯೂ ಬಾಗಿಲುಗಳಿರುವ ಒಂದು ಉದ್ದನೆಯ ತೊಟ್ಟಿ. ದೋಣಿ ಕೆಳಗಿನ ಬಾಗಿಲಿನಿಂದ ಒಳಹೊಗುತ್ತದೆ, ಬಾಗಿಲು ಮುಚ್ಚುತ್ತಾರೆ, ಮೇಲಿನ ಕಡೆಯಿಂದ ನೀರು ಬಿಡುತ್ತಾರೆ. ತೊಟ್ಟಿ ತುಂಬಿದಂತೆಲ್ಲ ದೋಣಿ ತಾನಾಗಿ ಮೇಲೇಳುತ್ತದೆ. ಮೇಲಿನ ನೀರೂ ಒಳಗಿನ ನೀರೂ ಸಮವಾದಾಗ ಮೇಲಿನ ಬಾಗಿಲನ್ನು ಒಬ್ಬ ಮನುಷ್ಯ ಬೆನ್ನು ಕೊಟ್ಟು ನೂಕಿದರೆ ಸಾಕು, ತೆರೆದುಕೊಳ್ಳುತ್ತದೆ. ಯಂತ್ರವಿಲ್ಲ, ಹೊಗೆಯಿಲ್ಲ. ಆದರೆ ಇದಕ್ಕೂ ಬೆಲೆಯುಂಟು: ಒಂದೊಂದು ಸಲ ತುಂಬಿ ಬರಿದು ಮಾಡಿದಾಗಲೂ ೨೦,೦೦೦ ಗ್ಯಾಲನ್ನಿಗೂ ಹೆಚ್ಚು ನೀರು ಬೆಟ್ಟವಿಳಿದು ಹೋಗುತ್ತದೆ. ಆದುದರಿಂದ ಕಾಲುವೆಯವರಿಗೆ ಹಣಕ್ಕಿಂತ ಹೆಚ್ಚಿನ ಚಿಂತೆ ನೀರಿನದು. ಈ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಗೆಲ್ಲಾ ಅದೇ ಮೂಲ.

ನಾವು ದೋಣಿ ಹತ್ತಿದ್ದು ಟಾರ್ಡೆಬಿಗ್ ಎಂಬ ಹಳ್ಳಿಯಲ್ಲಿ. ಇಲ್ಲಿ ಗುಡ್ಡದ ಇಳಿಜಾರಿನಲ್ಲಿ, ದೇವಸ್ಥಾನದ ಮೆಟ್ಟಿಲುಗಳಂತೆ, ಒಂದರ ಮೇಲೊಂದಾಗಿ ೩೦ ಲಾಕುಗಳಿವೆ. ಎರಡೂಕಾಲು ಮೈಲಿಯಲ್ಲಿ ೨೨೦ ಅಡಿ ಏರಿಕೆ. ಬ್ರಿಟನ್ನಿನಲ್ಲಿಯೇ ಇದಕ್ಕಿಂತ ಉದ್ದನೆಯ ಸೋಪಾನ ಬೇರೆ ಇಲ್ಲ. ತುದಿಯ ಲಾಕು ಮಾತ್ರ ಮಿಕ್ಕವುಗಳಿಗೆ ಹಿರಿಯಣ್ಣ. ಅದರ ಆಳ ಸುಮಾರು ೧೪ ಅಡಿ. ಅದಕ್ಕೊಂದು ಕಾರಣವಿದೆ. ನೀರನ್ನು ಉಳಿಸಬೇಕೆಂದು ಜಾನ್ ವುಡ್‌ಹೌಸ್ ಎಂಬಾತನು ೧೮೦೮ರಲ್ಲಿ ಅಲ್ಲಿ ದೋಣಿಯನ್ನೇ ನೀರಿನ ತೊಟ್ಟಿಯೊಡನೆ ಎತ್ತಿ ಇಳಿಸುವ ತಕ್ಕಡಿಯಂತಹ ಯಂತ್ರವೊಂದನ್ನು ನಿಲ್ಲಿಸಿ ಪರೀಕ್ಷೆ ಮಾಡಿ ತೋರಿಸಿದನು. ಯಂತ್ರ ಕೆಲಸವನ್ನೇನೋ ಮಾಡಿತು. ಆದರೆ ಒರಟು ಕೈಗಳಲ್ಲಿ ದಿನದಿನವೂ ಸಿಕ್ಕಿ ಬಾಳಿಕೆ ಬಂದೀತೇ ಎಂದು ಕಂಪೆನಿಯವರಿಗೆ ಸಂದೇಹ. ಅದನ್ನು ಬಿಟ್ಟು, ಅದರ ಎತ್ತರವನ್ನೆಲ್ಲಾ ಒಂದೇ ಲಾಕಿನಲ್ಲಿ ಅಡಗಿಸಿದರು.

ಈ ತುದಿಯ ಲಾಕಿನಿಂದ ಮುಂದಕ್ಕೆ ನಗರದವರೆಗೆ ೧೪ ಮೈಲಿ ಒಂದೇ ಮಟ್ಟ. ಒಂದು ಲಾಕೂ ಇಲ್ಲ. ದೋಣಿಯ ಕೆಲಸವನ್ನು ಅರಿಯದವರಿಗೂ ಒಂದು ದಿನದಲ್ಲಿ ಸಾಗಬಲ್ಲ ದಾರಿ. ಈ ದೋಣಿಗೆ ನ್ಯಾರೋಬೋಟ್ ಎಂದು ಹೆಸರು. ಇಕ್ಕಟ್ಟಿನ ದೋಣಿ ಎಂದರ್ಥ. ಹೆಸರು ಸುಳ್ಳಲ್ಲ. ಅಗಲ ಏಳಡಿಗೂ ಒಂದೆರಡು ಅಂಗುಲ ಕಡಿಮೆ. ಉದ್ದ ಮಾತ್ರ ೭೦ ಅಡಿಯವರೆಗೂ ಉಂಟು. ಲಾಕುಗಳ ಅಗಲವನ್ನು ಬ್ರಿಂಡ್ಲಿಯ ಕಾಲದಲ್ಲಿ ಖರ್ಚು ನೋಡಿಕೊಂಡು ಏಳಡಿಗೆ ಕಟ್ಟಿದರು. ಇನ್ನೂರೈವತ್ತು ವರ್ಷಗಳ ಅನಂತರವೂ ದೋಣಿ ಆ ಅಳತೆಯನ್ನು ಮೀರುವಂತಿಲ್ಲ. ಚುಕ್ಕಾಣಿ ಹಿಡಿದವನು ಹಿಂದುಗಡೆ ನಿಂತಿರುತ್ತಾನೆ. ಮೂತಿ ಎಡಕ್ಕೆ ತಿರುಗಬೇಕಾದರೆ ಹಿಡಿಯನ್ನು ಬಲಕ್ಕೆ ತಳ್ಳಬೇಕು. ಎದುರಿಗೆ ದೋಣಿ ಬಂದರೆ ಬಲಮಗ್ಗುಲಿಗೆ ಸರಿಯಬೇಕು. ರಸ್ತೆಯಲ್ಲಿ ಎಡಗಡೆ ನಡೆಯುವ ಇಂಗ್ಲಿಷರು ನೀರಿನ ಮೇಲೆ ಬಲಗಡೆಯವರು. ಗಂಟೆಗೆ ನಾಲ್ಕು ಮೈಲಿಗಿಂತ ಹೆಚ್ಚಿನ ವೇಗ ಕೂಡದು. ಕಟ್ಟಿಹಾಕಿದ ದೋಣಿಗಳನ್ನು ಹಾದುಹೋಗುವಾಗ ಅದನ್ನೂ ಇಳಿಸಬೇಕು. ದಡದಲ್ಲಿ ನಾಯಿಯೊಡನೆ ತಿರುಗಾಡುತ್ತಿದ್ದ ವೃದ್ಧರೊಬ್ಬರು ನಮ್ಮನ್ನು ಎರಡು ಸಲ ಹಿಂದೆ ಹಾಕಿ ಎರಡು ಸಲವೂ ಟೋಪಿ ಎತ್ತಿ ನಮಸ್ಕರಿಸಿದರು. ವೇಗವೆಂಬುದು ಅಷ್ಟರಮಟ್ಟಿಗೆ!

ಹೊರಟ ಸ್ವಲ್ಪ ಹೊತ್ತಿಗೆ ಟಾರ್ಡೆಬಿಗ್ ಸುರಂಗ, ೫೮೦ ಗಜ. ಅದಾದ ಮೇಲೆ ಶಾರ್ಟ್‌ವುಡ್ ಸುರಂಗ, ೬೧೩ ಗಜ. ಅವುಗಳನ್ನು ದಾಟಿದರೆ ಆಲ್ವ್‌ಚರ್ಚ್ ಹಳ್ಳಿ. ಕಾಲುವೆ ಗುಡ್ಡದ ಸೊಂಟವನ್ನು ಬಳಸಿಕೊಂಡು ಹೋಗುತ್ತದೆ. ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ಮುಳ್ಳುಬೇಲಿ. ನೀರಿನ ಅಂಚಿನಲ್ಲಿ ಬೂದುಬಣ್ಣದ ಬಕವೊಂದು, ದೋಣಿ ತೀರ ಹತ್ತಿರ ಬರುವವರೆಗೂ ಕದಲದೆ ನಿಂತು, ಆಮೇಲೆ ಬೇಸರದಿಂದ ಎದ್ದು ಐವತ್ತು ಗಜ ಮುಂದಕ್ಕೆ ಹೋಗಿ ಮತ್ತೆ ನಿಲ್ಲುತ್ತಿದ್ದಿತು.

ಮುಂದೆ ಬಿಟೆಲ್ ಎಂಬಲ್ಲಿ ಕಾಲುವೆಯ ಮಗ್ಗುಲಿಗೇ ಒಂದು ಕೆರೆ ಕಾಣುತ್ತದೆ. ಅದರ ಮೇಲುಗಡೆ ಇನ್ನೊಂದಿದೆ. ನೋಡಿದವರು ಎರಡೂ ಕಾಲುವೆಗಾಗಿಯೇ ಎಂದುಕೊಳ್ಳುತ್ತಾರೆ. ಮೇಲಿನದು ಮಾತ್ರ ಕಾಲುವೆಗೆ ನೀರು ಕೊಡುತ್ತದೆ. ಕೆಳಗಿನದನ್ನು ಕಟ್ಟಿದ್ದು ಆರೋ ಎಂಬ ಸಣ್ಣ ಹೊಳೆಯ ಗಿರಣಿಯವರಿಗಾಗಿ. ಕಾಲುವೆಯವರು ತೊರೆಗಳ ನೀರನ್ನು ಹಿಡಿದುಕೊಂಡರೆ ತಮ್ಮ ಚಕ್ರಗಳು ನಿಂತುಹೋಗುವುವೆಂದು ಗಿರಣಿಯವರು ಎದ್ದುನಿಂತರು. ಅವರಿಗೆ ನಷ್ಟವಾಗದಂತೆ ಕಂಪೆನಿ ತನ್ನ ಖರ್ಚಿನಲ್ಲಿ ಕೆರೆ ಕಟ್ಟಿಸಿಕೊಡಬೇಕಾಯಿತು. ಇಂದು ಆ ಕೆರೆಯನ್ನು ನೋಡುವವರಿಗೆ ಅದೊಂದು ಸುಂದರವಾದ ನೋಟ. ಹುಟ್ಟಿದಾಗ ಅದೊಂದು ಕರಾರು. ನಮ್ಮಲ್ಲಿ ನೀರಿನ ಮೇಲಿನ ಬರಹವೆಂದರೆ ನಿಲ್ಲದ ಮಾತು. ಆ ದೇಶದಲ್ಲಿ ನೀರಿನ ಮೇಲೆ ಬರೆದುಕೊಂಡ ಕರಾರುಗಳು ಇನ್ನೂರು ವರ್ಷವಾದರೂ ಅಳಿಸದೆ ನಿಂತಿವೆ.

ಇನ್ನು ವಾಸ್ಟ್ ಹಿಲ್ಸ್ ಸುರಂಗ. ೨,೭೨೬ ಗಜ ಉದ್ದ. ಎಂದರೆ ಒಂದೂವರೆ ಮೈಲಿಗೂ ಹೆಚ್ಚು. ನೇರವಾಗಿ ತೋಡಿರುವುದರಿಂದ ಗಾಳಿ ತಿಳಿಯಾಗಿರುವ ದಿನ ಈ ಬಾಯಿಂದ ನೋಡಿದರೆ ಆ ಬಾಯಿ ಸೂಜಿಯ ಕಣ್ಣಿನಷ್ಟು ಬೆಳಕಾಗಿ ಕಾಣುವುದು. ಒಳಹೊಕ್ಕ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕತ್ತಲೆ. ಗಾಳಿಗಾಗಿ ಬಿಟ್ಟಿರುವ ಬಾವಿಗಳ ಕೆಳಗೆ ಬಂದಾಗ ತಲೆಯ ಮೇಲೆ ತಣ್ಣನೆಯ ನೀರಿನ ಅಭಿಷೇಕ. ಈ ಸುರಂಗದಲ್ಲಿ ಕುದುರೆ ನಡೆಯುವುದಕ್ಕೆ ದಾರಿಯಿಲ್ಲ. ಯಂತ್ರ ಬರುವ ಮುನ್ನ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲೆ ನಡೆಯಿಸಿಕೊಂಡು ಹೋಗುತ್ತಿದ್ದರು. ಒಳಗೆ ಇಬ್ಬರು ಮನುಷ್ಯರು ಅಡ್ಡಹಲಗೆಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಎರಡು ಕಡೆಯ ಗೋಡೆಗಳಿಗೆ ಊರಿ, ಗೋಡೆಯ ಮೇಲೆಯೇ ನಡೆಯುತ್ತ ಸರಕು ತುಂಬಿದ ದೋಣಿಯನ್ನು ನೂಕಬೇಕು. ಕೈಜಾರಿ ನೀರಿಗೆ ಬಿದ್ದವನನ್ನು ಕತ್ತಲೆಯಲ್ಲಿ ಹುಡುಕುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಉಗಿಯ ಎಳೆದೋಣಿಗಳು ಬಂದ ಮೇಲೆ ಆ ಕಷ್ಟ ತಪ್ಪಿತು.

ಆ ದೋಣಿಗಳಲ್ಲಿ ದುಡಿಯುತ್ತಿದ್ದವರು ಯಾರು? ಮೊದಲು ಗಂಡಸರು ಮಾತ್ರ ದೋಣಿಯ ಮೇಲೆ. ಸಂಸಾರ ದಡದ ಮನೆಯಲ್ಲಿ. ರೈಲು ಬಂದು ಪೈಪೋಟಿ ಹೂಡಿದ ಮೇಲೆ ಬಾಡಿಗೆ ಇಳಿಯಿತು, ಕೂಲಿ ಇಳಿಯಿತು. ಮನೆಯ ಬಾಡಿಗೆ ಕೊಡಲಾರದೆ ಹೆಂಡತಿ ಮಕ್ಕಳೂ ದೋಣಿಗೇ ಬಂದರು. ಹಿಂಭಾಗದಲ್ಲಿ ಸುಮಾರು ಹತ್ತಡಿ ಉದ್ದ, ಏಳಡಿ ಅಗಲದ ಒಂದು ಗೂಡು. ಅದರಲ್ಲಿಯೇ ಒಲೆ, ಹಾಸಿಗೆ, ಹೆರಿಗೆ, ಸಾವು. ಹೆಂಡತಿಯ ದುಡಿಮೆಗೆ ಬೇರೆ ಕೂಲಿಯಿಲ್ಲ. ಮಕ್ಕಳಿಗೆ ಶಾಲೆಯಿಲ್ಲ, ಒಂದು ಊರಿನಲ್ಲಿ ಎರಡು ದಿನ ನಿಂತರೆ ತಾನೆ ಶಾಲೆ? ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬಾತನು ಇವರಿಗಾಗಿ ವರ್ಷಗಟ್ಟಲೆ ಹೋರಾಡಿದ್ದರಿಂದ ೧೮೭೭ರಲ್ಲಿಯೂ ೧೮೮೪ರಲ್ಲಿಯೂ ಶಾಸನಗಳಾದುವು. ದೋಣಿಗಳನ್ನು ನೋಂದಾಯಿಸಬೇಕು, ಇಂತಿಷ್ಟು ಜಾಗದಲ್ಲಿ ಇಂತಿಷ್ಟೇ ಜನ ಇರಬೇಕು, ಮಕ್ಕಳು ಓದಬೇಕು ಎಂದು ಗೊತ್ತಾಯಿತು. ಆದರೂ ಆ ಜನ ತಮ್ಮ ದೋಣಿಯ ಬಾಗಿಲು, ನೀರಿನ ಕೊಡ, ಕುದುರೆಯ ಬಕೀಟುಗಳ ಮೇಲೆಲ್ಲಾ ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬಣ್ಣಬಣ್ಣವಾಗಿ ಬರೆಯಿಸಿಕೊಳ್ಳುತ್ತಿದ್ದರು. ಹತ್ತಡಿಯ ಗೂಡಿನಲ್ಲಿ ಬಾಳುವವರಿಗೆ ಕೋಟೆಯ ಚಿತ್ರವೇಕೆಂದು ಕೇಳುವುದು ಸುಲಭ. ಉತ್ತರ ಪ್ರಶ್ನೆಯಲ್ಲಿಯೇ ಇದೆ.

ಸುರಂಗದಿಂದ ಹೊರಬಿದ್ದರೆ ಕಿಂಗ್ಸ್ ನಾರ್ಟನ್. ಇಲ್ಲಿಂದ ಬಲಕ್ಕೆ ಸ್ಟ್ರಾಟ್‌ಫರ್ಡ್ ಕಾಲುವೆ ಒಡೆದು ಹೋಗುತ್ತದೆ. ಷೇಕ್ಸ್‌ಪಿಯರನ ಊರಿಗೆ ಅದೇ ದಾರಿ. ಆ ಕವಲಿನ ಬಾಯಿಯ ಹತ್ತಿರದಲ್ಲಿಯೇ ೧೯೪೭ರ ಮೇ ತಿಂಗಳಿನಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಎಲ್. ಟಿ. ಸಿ. ರಾಲ್ಟ್ ಎಂಬ ಇಂಜಿನಿಯರು 'ಕ್ರೆಸ್ಸಿ' ಎಂಬ ಹಳೆಯ ದೋಣಿಯನ್ನೇ ಮನೆ ಮಾಡಿಕೊಂಡು ಬದುಕುತ್ತಿದ್ದನು. ಆತನ 'ನ್ಯಾರೋ ಬೋಟ್' ಎಂಬ ಪುಸ್ತಕ ೧೯೪೪ರಲ್ಲಿ ಹೊರಬಂದಿತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಎಂಬ ಲೇಖಕನು ೧೯೪೫ರಲ್ಲಿ ನಾವು ಹೊರಟ ಟಾರ್ಡೆಬಿಗ್ಗಿಗೇ ಬಂದು ಆತನನ್ನು ಕಂಡನು. ಮಾರನೆಯ ವರ್ಷ ಅವರೂ ಅವರ ಜೊತೆಯವರೂ ಸೇರಿ ಒಳನಾಡಿನ ಜಲಮಾರ್ಗಗಳ ಸಂಘವನ್ನು ಸ್ಥಾಪಿಸಿದರು. ಆ ವೇಳೆಗೆ ಸ್ಟ್ರಾಟ್‌ಫರ್ಡ್ ಕಾಲುವೆ ರೈಲ್ವೆ ಕಂಪೆನಿಯ ಕೈಯಲ್ಲಿದ್ದಿತು. ಲಿಫರ್ಡ್ ಎಂಬಲ್ಲಿ ಎತ್ತಿ ಇಳಿಸುವ ಸೇತುವೆ ಕೆಟ್ಟುಹೋಗಿ, ಮೇಲೇಳದಂತೆ ಕೂಡಿಸಲ್ಪಟ್ಟಿದ್ದಿತು. ಅದರ ಕೆಳಗೆ ದೋಣಿ ನುಸುಳುವಂತಿರಲಿಲ್ಲ. ಆದರೆ ಕಾನೂನಿನ ಪ್ರಕಾರ ಆ ನೀರಿನಲ್ಲಿ ದೋಣಿ ನಡೆಸುವ ಹಕ್ಕು ಸಾರ್ವಜನಿಕರಿಗೆ ಇನ್ನೂ ಇದ್ದಿತು. ಲಾರ್ಡ್ಸ್ ಸಭೆಯಲ್ಲಿ ಪ್ರಶ್ನೆ ಬಂದಿತು. ಮುಂಚಿತವಾಗಿ ತಿಳಿಸಿದರೆ ಸೇತುವೆಯನ್ನು ಎತ್ತಿಸಲಾಗುವುದೆಂದು ಉತ್ತರವೂ ಬಂದಿತು. ರಾಲ್ಟನು ತಿಳಿಸಿದನು. ಹೇಳಿದ ದಿನ ರೈಲ್ವೆಯ ಆಳುಗಳು ಬಂದು ಸೇತುವೆಯನ್ನು ಜಾಕ್ ಕೊಟ್ಟು ಎತ್ತಿದರು. ಪತ್ರಿಕೆಯವರೂ ಊರಿನವರೂ ನೋಡುತ್ತಿರಲು 'ಕ್ರೆಸ್ಸಿ' ಕೆಳಗೆ ನುಸುಳಿ ಆಚೆಗೆ ಹೋಯಿತು. ಸರಕಿಲ್ಲ, ಸುಂಕದ ಲಾಭವಿಲ್ಲ. ಒಂದು ದೋಣಿ, ಒಂದು ಹಕ್ಕು, ಅಷ್ಟೆ.

ಇದನ್ನು ಹಟಮಾರಿತನವೆಂದು ನಕ್ಕವರೂ ಇದ್ದಿರಬಹುದು. ಆದರೆ ಮುಂದೆ ಏನಾಯಿತೆಂಬುದನ್ನು ನೋಡಿ. ೧೯೫೮ರಲ್ಲಿ ಅದೇ ಕಾಲುವೆಯ ದಕ್ಷಿಣ ಭಾಗವನ್ನು, ಯಾರೂ ಉಪಯೋಗಿಸುತ್ತಿಲ್ಲವೆಂಬ ಕಾರಣದಿಂದ, ಮುಚ್ಚಿಬಿಡುವ ಪ್ರಸ್ತಾಪ ಬಂದಿತು. ಆಗ ಆ ನೀರಿನಲ್ಲಿ ಸಣ್ಣ ಕನೋ ದೋಣಿ ನಡೆಸಿದವರು ಸುಂಕ ಕೊಟ್ಟು ಪಡೆದಿದ್ದ ಚೀಟಿಯೇ ಬಳಕೆಗೆ ಸಾಕ್ಷಿಯಾಯಿತು. ಪ್ರಸ್ತಾಪ ಬಿದ್ದುಹೋಯಿತು. ಅನಂತರ ಸ್ವಯಂಸೇವಕರೂ, ಸೈನಿಕರೂ, ಸೆರೆಮನೆಯಿಂದ ಕರೆತಂದ ಕೈದಿಗಳೂ ಕೂಡಿ ಹೂಳೆತ್ತಿ, ಲಾಕುಗಳನ್ನು ದುರಸ್ತಿ ಮಾಡಿ, ೧೯೬೪ರಲ್ಲಿ ಆ ೧೩ ಮೈಲಿಯನ್ನು ಮತ್ತೆ ತೆರೆದರು. ನಡೆದ ದಾರಿಯೇ ದಾರಿ; ನಡೆಯದಿದ್ದರೆ ಅದು ಹೊಲ. ಈ ಮಾತು ಕಾಲುದಾರಿಗೆ ಎಷ್ಟು ನಿಜವೋ ಕಾಲುವೆಗೂ ಅಷ್ಟೇ ನಿಜ.

ಕಿಂಗ್ಸ್ ನಾರ್ಟನ್ ದಾಟಿದ ಮೇಲೆ ಹೊಲಗಳು ಮುಗಿದು ಕಾರ್ಖಾನೆಗಳ ಹಿತ್ತಿಲು ಗೋಡೆಗಳು ಮೊದಲಾಗುತ್ತವೆ. ಬೋರ್ನ್‌ವಿಲ್ಲಿನ ಹತ್ತಿರ ಗಾಳಿಯಲ್ಲಿ ಕೋಕೋ ವಾಸನೆ ತೇಲಿ ಬಂದಿತು. ಕ್ಯಾಡ್‌ಬರಿ ಸಹೋದರರು ೧೮೭೯ರಲ್ಲಿ ಊರಿನ ಇಕ್ಕಟ್ಟನ್ನು ಬಿಟ್ಟು ಇಲ್ಲಿಗೆ ಬಂದರು. ಬರುವುದಕ್ಕೆ ಕಾಲುವೆಯೂ ರೈಲೂ ಹತ್ತಿರದಲ್ಲಿದ್ದುದೇ ಒಂದು ಕಾರಣ. ಆ ವಾಸನೆ ಕನ್ನಡಿಗರಿಗೆ ಈಗ ಪರಕೀಯವಲ್ಲ. ನಮ್ಮ ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೋ ಗಿಡ ಬೆಳೆಯುತ್ತದೆ. ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು.

ಇಲ್ಲಿಂದ ಮುಂದೆ ರೈಲುದಾರಿ ಕಾಲುವೆಯ ಮಗ್ಗುಲನ್ನು ಬಿಡುವುದಿಲ್ಲ. ೧೮೭೬ರಲ್ಲಿ ಆ ರೈಲು ಬಂದಿತು. ಸೋಲಿಸಿದವನೂ ಸೋತವನೂ ಒಂದೇ ಬೀದಿಯಲ್ಲಿ ನೆರೆಮನೆಯವರಾಗಿ ಬಾಳುತ್ತಿರುವಂತೆ ತೋರುತ್ತದೆ. ಸೆಲ್ಲಿ ಓಕ್ ಎಂಬಲ್ಲಿ ಹಿಂದೆ ಇನ್ನೊಂದು ಕಾಲುವೆ ಬಂದು ಕೂಡುತ್ತಿದ್ದಿತು; ಅದರ ಲ್ಯಾಪಲ್ ಸುರಂಗ ಪದೇ ಪದೇ ಕುಸಿದು ೧೯೧೭ರಲ್ಲಿ ಮುಚ್ಚಿಹೋಯಿತು. ಎಲ್ಲ ದಾರಿಯೂ ಉಳಿಯುವುದಿಲ್ಲ. ಬಳಿಕ ವಿಶ್ವವಿದ್ಯಾನಿಲಯದ ಗಡಿಯಾರದ ಗೋಪುರ ಮರಗಳ ಮೇಲೆ ತಲೆಯೆತ್ತುತ್ತದೆ. ನೂರು ಮೀಟರಿನಷ್ಟು ಎತ್ತರ, ಜೋಸೆಫ್ ಚೇಂಬರ್ಲಿನ್ನನ ಹೆಸರಿನದು. ಎಜ್‌ಬ್ಯಾಸ್ಟನ್ನಿನ ಸುರಂಗ ಕೇವಲ ೧೦೫ ಗಜ. ಅಲ್ಲಿಂದ ಒಂದು ತಿರುವು. ತಿರುವಿನಾಚೆ ಗ್ಯಾಸ್ ಸ್ಟ್ರೀಟ್ ಬೇಸಿನ್, ನಗರದ ಒಡಲು.

ಬೇಸಿನ್ ಎಂದರೆ ದೋಣಿಗಳು ತಂಗುವ ನೀರಿನ ಚಾವಡಿ. ಇದರ ನಡುವೆ ಉದ್ದಕ್ಕೂ ಒಂದು ಕಿರಿದಾದ ಕಟ್ಟೆ ಇದೆ, ಅಗಲ ಏಳಡಿಯಷ್ಟು. ಇಂದು ಅದಕ್ಕೆ ದೋಣಿಗಳನ್ನು ಕಟ್ಟುತ್ತಾರೆ. ಜನ ಅದರ ಮೇಲೆ ತಿರುಗಾಡುತ್ತಾರೆ. ಇದೇ ಪ್ರಸಿದ್ಧವಾದ ವೂಸ್ಟರ್ ಕಟ್ಟೆ. ಹೊಸ ಕಾಲುವೆ ಬರುವುದೆಂದಾಗ ಹಳೆಯ ಬರ್ಮಿಂಗ್‌ಹ್ಯಾಮ್ ಕಂಪೆನಿಯವರಿಗೆ ಎರಡು ಭಯ: ತಮ್ಮ ನೀರು ಅದರೊಳಕ್ಕೆ ಇಳಿದುಹೋದೀತು, ತಮ್ಮ ಸುಂಕ ಅದರ ಪಾಲಾದೀತು. ಸೆವರ್ನ್ ನದಿಗೆ ಹೊಸ ದಾರಿ ಹಳೆಯದಕ್ಕಿಂತ ಹತ್ತಿರ. ಆದುದರಿಂದ ಎರಡು ನೀರೂ ಕೂಡಬಾರದು, ನಡುವೆ ಏಳಡಿ ನೆಲವಿರಬೇಕು ಎಂದು ಶಾಸನದಲ್ಲಿಯೇ ಬರೆಯಿಸಿದರು. ೧೭೯೫ರಲ್ಲಿ ಹೊಸ ಕಾಲುವೆಯ ಮೊದಲ ಭಾಗ ತೆರೆಯಿತು. ಅಂದಿನಿಂದ ೧೮೧೫ರವರೆಗೆ ಇಪ್ಪತ್ತು ವರ್ಷ, ಈ ಕಡೆಯ ದೋಣಿಯ ಸರಕನ್ನು ಮನುಷ್ಯರು ಇಳಿಸಿ, ಏಳಡಿ ಹೊತ್ತು, ಆ ಕಡೆಯ ದೋಣಿಗೆ ತುಂಬಿದರು. ಎರಡೂ ನೀರು ಒಂದೇ ಮಟ್ಟದಲ್ಲಿ, ಒಂದನ್ನೊಂದು ನೋಡುತ್ತ ನಿಂತಿದ್ದುವು. ಕಡೆಗೆ ಪಾರ್ಲಿಮೆಂಟು ಕಟ್ಟೆಯನ್ನು ಕಡಿದು ಲಾಕು ಕಟ್ಟಲು ಅಪ್ಪಣೆ ಕೊಟ್ಟಿತು. ಈಗ ಅಲ್ಲಿ ದೋಣಿ ತಡೆಯಿಲ್ಲದೆ ಹಾದುಹೋಗುತ್ತದೆ. ನಮಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಬ್ರಿಟನ್ನಿನ ಬಹುಪಾಲು ಕಾಲುವೆಗಳು ೧೯೪೮ರ ಜನವರಿ ೧ರಂದು ರಾಷ್ಟ್ರದ ವಶಕ್ಕೆ ಬಂದುವು. ೧೯೬೨-೬೩ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕು ಸಾಗಣೆಗೂ ಬಹುಮಟ್ಟಿಗೆ ಕೊನೆಯ ಪೆಟ್ಟು ಬಿದ್ದಿತು. ೧೯೬೮ರ ಶಾಸನ ಅನೇಕ ಕಾಲುವೆಗಳನ್ನು ವಿಹಾರದ ದಾರಿಗಳೆಂದು ಒಪ್ಪಿಕೊಂಡಿತು. ೨೦೧೨ರಿಂದ ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಸುಮಾರು ೨,೦೦೦ ಮೈಲಿ ಜಲಮಾರ್ಗವನ್ನು ಒಂದು ಧರ್ಮದರ್ಶಿ ಸಂಸ್ಥೆ ನೋಡಿಕೊಳ್ಳುತ್ತಿದೆ.

ಇದನ್ನೆಲ್ಲಾ ಜಯವೆಂದು ಕರೆಯಬೇಕೆ? ಈ ವಿಷಯದಲ್ಲಿ ರಾಲ್ಟನಿಗೂ ಐಕ್‌ಮನ್ನನಿಗೂ ಒಮ್ಮತವಿರಲಿಲ್ಲ. ಒಂದೊಂದು ಕಾಲುವೆಯನ್ನೂ ಉಳಿಸಲೇಬೇಕೆಂದು ಐಕ್‌ಮನ್ನನ ಛಲ. ದೋಣಿಯ ಜನರ ಕಸುಬೂ ಬಾಳುವೆಯೂ ಮೊದಲು ಉಳಿಯಬೇಕೆಂದು ರಾಲ್ಟನ ಹಂಬಲ. ಜಗಳ ಬೆಳೆದು ೧೯೫೧ರಲ್ಲಿ ರಾಲ್ಟನು ತಾನೇ ಸ್ಥಾಪಿಸಿದ ಸಂಘದಿಂದ ಹೊರಗಾದನು. ಕಾಲ ಇಬ್ಬರಿಗೂ ಅರ್ಧರ್ಧ ತೀರ್ಪು ಕೊಟ್ಟಿತು. ದಾರಿ ಉಳಿಯಿತು, ದಾರಿಯವರು ಉಳಿಯಲಿಲ್ಲ. ಸುರಂಗದ ಗೋಡೆಯ ಮೇಲೆ ನಡೆದವರ ಮೊಮ್ಮಕ್ಕಳು ಇಂದು ಎಲ್ಲಿದ್ದಾರೋ. ಅವರ ಗುಲಾಬಿಗಳೂ ಕೋಟೆಗಳೂ ಮಾತ್ರ ವಿಹಾರದ ದೋಣಿಗಳ ಬಾಗಿಲ ಮೇಲೆ ಅರಳಿ ನಿಂತಿವೆ. ಆ ಹತ್ತಡಿಯ ಗೂಡಿನ ಬಾಳು ಹಾಗೆಯೇ ಮುಂದುವರಿಯಬೇಕಾಗಿತ್ತೆಂದು ಯಾರೂ ಹೇಳಲಾರರು; ಅದು ಸುಳಿವಿಲ್ಲದೆ ಹೋದುದಕ್ಕೆ ಮರುಗದಿರುವುದೂ ಆಗದು.

ಲಾಭಕ್ಕಾಗಿ ಕಟ್ಟಿದ ವಸ್ತು ಲಾಭ ಹೋದ ಮೇಲೆ ಯಾರ ಸ್ವತ್ತು? ಕಟ್ಟಿದ ಕಂಪೆನಿಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಉತ್ತರ ಕೊಟ್ಟವರು ಹಳೆಯ ದೋಣಿಯೊಂದರ ಯಜಮಾನ, ಚೀಟಿ ಕೊಂಡ ಕನೋ ದೋಣಿಯವರು, ರಜೆಯ ದಿನ ಬಂದು ಕೆಸರಿಗಿಳಿದವರು. ಯಾರು ಉಪಯೋಗಿಸಿ, ಹೂಳೆತ್ತಿ, ಕಾಯುತ್ತಾರೋ ಅವರದು ಎಂದು ಅವರು ಮಾಡಿ ತೋರಿಸಿದರು. ಒಂದು ದಿನ ಆ ನೀರಿನ ಮೇಲೆ ನಿಧಾನವಾಗಿ ಸಾಗಿದವನಿಗೆ ಅದು ಕಣ್ಣಿಗೆ ಕಾಣುವ ಮಾತು.